ಪಟ್ಟಣ ಬಿಟ್ಟು ಎಲ್ಲಿಗೆ?

“ಸಾಕಿನ್ನು ಈ ಪಟ್ಟಣದ ಗದ್ದಲ, ಎಲ್ಲಿಯಾದರೂ ಹೊರಗೆ ಹೋಗಿ, ನಾಲ್ಕು ಗಿಡ ನೆಟ್ಟುಕೊಂಡು, ನೆಮ್ಮದಿಯಿಂದ ಇರೋಣ” ಎಂಬ ಮಾತು ಇತ್ತಿತ್ತಲಾಗಿ ಹುಬ್ಬಳ್ಳಿ-ಧಾರವಾಡಗಳ ಅನೇಕ ಮನೆಗಳಲ್ಲಿ ರಾತ್ರಿಯ ಊಟದ ಹೊತ್ತಿಗೆ ಕೇಳಬರುತ್ತಿದೆ. ಮಾತು ತೆಗೆಯುವವರು ಬಹುಮಟ್ಟಿಗೆ ಮನೆಯ ಯಜಮಾನರು. ಮಕ್ಕಳು ಹುರುಪಿನಿಂದ ಹೂಂಗುಟ್ಟುವರು. ಅಜ್ಜಿಯು ತನ್ನ ತವರೂರಿನ ಬಾವಿಯನ್ನೂ ಹಿತ್ತಲನ್ನೂ ನೆನೆಯುವಳು. ಗೃಹಿಣಿಯು ಮಾತ್ರ ಬಡಿಸುತ್ತ ಬಡಿಸುತ್ತಲೇ ಒಂದು ಪ್ರಶ್ನೆ ಕೇಳುವಳು: “ಅಲ್ಲೆ ನೀರು ಎಷ್ಟು ದಿನಕ್ಕೊಮ್ಮೆ ಬರತಾವ್ರಿ?” ಉತ್ತರ ಸಿಗದೆ ಮಾತು ಅಲ್ಲಿಗೇ ನಿಲ್ಲುವದು.

ಈ ಪ್ರಶ್ನೆಯನ್ನು ಕ್ಷುದ್ರವೆಂದು ತಳ್ಳಿಹಾಕುವವರುಂಟು. ‘ಉನ್ನತವಾದ ಧ್ಯೇಯದ ಮಾತನಾಡುವಾಗ ನಳದ ನೀರಿನ ಗೊಡವೆ ಏಕೆ?’ ಎಂದು ಅವರು ಅಸಮಾಧಾನಪಡುವರು. ನಮಗೆ ಹಾಗೆ ತೋರುವದಿಲ್ಲ. ಧ್ಯೇಯವು ಬಾಯಲ್ಲಿರುವವರೆಗೆ ಅದಕ್ಕೆ ತೂಕವಿಲ್ಲ. ಅದು ಕೊಡವಾಗಿ ಯಾರದೋ ಸೊಂಟದ ಮೇಲೆ ಕೂತಾಗಲೇ ಅದರ ತೂಕ ತಿಳಿಯುವದು. ಆದುದರಿಂದ ಪಟ್ಟಣ ಬಿಡಬೇಕೆನ್ನುವ ಗೃಹಸ್ಥರು ಸ್ಥಳವನ್ನು ಆರಿಸಿಕೊಳ್ಳುವ ಮೊದಲು ವಿಚಾರಿಸಬೇಕಾದ ಕೆಲವು ಸಂಗತಿಗಳನ್ನು, ನಮ್ಮ ಜಿಲ್ಲೆಯ ಪಡುವಣ ಅಂಚಿನ ಅಳ್ನಾವರವನ್ನು ಎದುರಿಗಿಟ್ಟುಕೊಂಡು, ಇಲ್ಲಿ ಬರೆಯುತ್ತೇವೆ.

ಮೊದಲನೆಯದಾಗಿ, ‘ನಮ್ಮ ಮನೆತನದ ಮೌಲ್ಯ’ ಎಂದರೆ ಏನೆಂಬುದು ಸ್ಪಷ್ಟವಾಗಬೇಕು. ಒಂದು ಮನೆಗೆ ಮಕ್ಕಳ ಕೈ ಮಣ್ಣು ಮುಟ್ಟಬೇಕೆಂಬ ಹಂಬಲ, ಇನ್ನೊಂದಕ್ಕೆ ವಿಷದ ಔಷಧಿ ಸಿಂಪಡಿಸದ ಅನ್ನ ಉಣ್ಣಬೇಕೆಂಬ ಆಸೆ, ಮತ್ತೊಂದಕ್ಕೆ ಸಂಗೀತ, ಬೇರೊಂದಕ್ಕೆ ಮುಪ್ಪಿನ ತಾಯಿತಂದೆಗಳ ಸೇವೆ, ಮಗದೊಂದಕ್ಕೆ ಸಾಲವಿಲ್ಲದ ಸರಳವಾದ ಬಾಳು. ಇವೆಲ್ಲವೂ ಒಳ್ಳೆಯವೇ. ಆದರೆ ಇವೆಲ್ಲವೂ ಒಂದೇ ಊರಿನಲ್ಲಿ ಒಟ್ಟಿಗೆ ದೊರೆಯುವದು ದುರ್ಲಭ. ಒಳ್ಳೆಯ ಗಾಳಿ ಇದ್ದಲ್ಲಿ ದೊಡ್ಡ ಆಸ್ಪತ್ರೆ ಇರುವದಿಲ್ಲ. ಅಗ್ಗದ ಹೊಲವಿದ್ದಲ್ಲಿ ಸಿಹಿನೀರು ಇರುವದಿಲ್ಲ. ಅಂದಬಳಿಕ ‘ಯಾವ ಊರು ಒಳ್ಳೆಯದು?’ ಎಂದು ಕೇಳಿ ಪ್ರಯೋಜನವಿಲ್ಲ. ‘ಯಾವುದನ್ನು ಬಿಟ್ಟರೂ ನಾವು ಇದನ್ನು ಬಿಡಲಾರೆವು?’ ಎಂದು ಮನೆಯವರೆಲ್ಲರೂ ಕೂಡಿ ಮೊದಲು ಕೇಳಿಕೊಳ್ಳಬೇಕು.

ನಮ್ಮ ಧಾರವಾಡ ಜಿಲ್ಲೆಯನ್ನೇ ನೋಡಿರಿ. ಅದಕ್ಕೆ ಎರಡು ಮೋರೆಗಳಿವೆ: ಮೂಡಣಕ್ಕೆ ಬೆಳವಲ, ಪಡುವಣಕ್ಕೆ ಮಲೆನಾಡಿನ ಸೆರಗು. ನವಲಗುಂದ, ಅಣ್ಣಿಗೇರಿಗಳ ಕಡೆಗೆ ಹೋದರೆ ಕಣ್ಣು ಮುಟ್ಟುವವರೆಗೆ ಎರೆಯ ಹೊಲಗಳು. ಹತ್ತಿ, ಜೋಳ, ಗೋದಿ, ಕಡಲೆ, ಮೆಣಸಿನಕಾಯಿಗಳ ಸೀಮೆ. ಅಣ್ಣಿಗೇರಿಯು ಪಂಪನ ಹೆಸರಿನೊಡನೆ ಕೂಡಿಬಂದ ಊರು. ನವಲಗುಂದವು ಜಮಖಾನೆಗಳಿಗೆ ಹೆಸರುವಾಸಿ. ಒಕ್ಕಲುತನವನ್ನೇ ಧರ್ಮವೆಂದು ನಂಬಿದ ಮನೆಗೆ ಇದಕ್ಕಿಂತ ಗಟ್ಟಿಯಾದ ನೆಲ ಸಿಗಲಾರದು. ಆದರೆ ಇಲ್ಲಿ ನೆಲದೊಳಗಿನ ನೀರು ಬಹು ಕಡೆಗಳಲ್ಲಿ ಸವುಳು. ಕುಡಿಯುವದಕ್ಕೆ ಜನರು ಹಿಂದಿನಿಂದಲೂ ಕೆರೆಗಳನ್ನು ನಂಬಿ ಬಂದವರು. ಮಲಪ್ರಭೆಯ ಕಾಲುವೆಯ ಕರದ ವಿಷಯವಾಗಿ 1980ರ ಜುಲೈ 21ರಂದು ನವಲಗುಂದ-ನರಗುಂದಗಳಲ್ಲಿ ರೈತರ ಮೇಲೆ ಗೋಳೀಬಾರು ಆದದ್ದನ್ನೂ, 2015ರಿಂದ ಕಳಸಾ-ಬಂಡೂರಿಯ ನೀರಿಗಾಗಿ ಅಲ್ಲಿಯ ರೈತರು ದೀರ್ಘಕಾಲ ಧರಣಿ ಕೂತದ್ದನ್ನೂ ವಾಚಕರು ಬಲ್ಲರು. ಆ ಸೀಮೆಯಲ್ಲಿ ಮನೆ ಮಾಡುವವನು ಈ ಚಿಂತೆಯಲ್ಲಿಯೂ ಪಾಲುಗಾರನಾಗಬೇಕಾಗುವದು.

ಸಂಗೀತವೇ ಪ್ರಾಣವಾಗಿರುವ ಮನೆಯವರು ಕುಂದಗೋಳವನ್ನು ನೆನೆಯಬಹುದು. ಸವಾಯಿ ಗಂಧರ್ವರು ಹುಟ್ಟಿದ ಊರು ಅದು. ಭೀಮಸೇನ ಜೋಶಿಯವರು ಎಳೆಯ ವಯಸ್ಸಿನಲ್ಲಿ ಗುರುವಿನ ಮನೆಯಲ್ಲಿದ್ದು ವಿದ್ಯೆ ಕಲಿತದ್ದೂ ಅಲ್ಲಿಯೇ. ಆದರೆ ಅದೇ ಗುರುವಿನ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ಕಥೆ ನಮ್ಮ ವಿಷಯಕ್ಕೆ ಇನ್ನೂ ಹೆಚ್ಚು ಉಪಯುಕ್ತವಾದದ್ದು. ಅವರು ತಮ್ಮ ಮನೆಯನ್ನು ಹುಬ್ಬಳ್ಳಿಯಿಂದ ಕೀಳಲಿಲ್ಲ. ಸಂಸಾರವನ್ನು ಅಲ್ಲಿಯೇ ಇಟ್ಟುಕೊಂಡು, ರೇಲ್ವೆ ಗಾಡಿ ಹತ್ತಿ ಕುಂದಗೋಳಕ್ಕೆ ಹೋಗಿ, ಪಾಠ ಹೇಳಿಸಿಕೊಂಡು ತಿರುಗಿ ಬರುತ್ತಿದ್ದರು. ಧ್ಯೇಯಕ್ಕಾಗಿ ಊರು ಬಿಡಲೇಬೇಕೆಂಬ ನಿಯಮವಿಲ್ಲ. ಕೆಲವು ಸಾರೆ ಒಂದು ತಿಕೀಟು ಸಾಕಾಗುವದು. ನಿಮ್ಮ ಮನೆಯ ಬಯಕೆಯು ಅಂತಹದಾಗಿದ್ದರೆ ಸಾಮಾನು ಕಟ್ಟುವ ಶ್ರಮ ಉಳಿಯಿತೆಂದೇ ತಿಳಿಯಿರಿ.

ಧಾರವಾಡದ ವೈದ್ಯರಾದ ಸಂಜೀವ ಕುಲಕರ್ಣಿಯವರು ತುಳಿದದ್ದೂ ಇಂತಹ ನಡುದಾರಿಯೇ. ಪಟ್ಟಣದಲ್ಲಿ ವೈದ್ಯವೃತ್ತಿಯನ್ನೂ, ‘ಬಾಲಬಳಗ’ವೆಂಬ ಮಕ್ಕಳ ಶಾಲೆಯನ್ನೂ ನಡೆಸುತ್ತಲೇ ಅವರು ಸಮೀಪದ ದಡ್ಡಿಕಮಲಾಪುರದಲ್ಲಿ ‘ಸುಮನ ಸಂಗಮ’ವೆಂಬ ತೋಟವನ್ನು ಕಾಡಿನಂತೆ ಬೆಳೆಯಿಸಿದರು. ರೋಗಿಗಳನ್ನು ಬಿಡದೆ, ಮಣ್ಣನ್ನೂ ಬಿಡದೆ ಇರಲು ಸಾಧ್ಯವೆಂಬುದಕ್ಕೆ ಇದು ನಮ್ಮ ಕಣ್ಣೆದುರಿಗಿನ ನಿದರ್ಶನ.

ಇನ್ನು ಊರನ್ನು ಬಿಟ್ಟೇ ತೀರಬೇಕೆನ್ನುವವರಿಗೆ ಎರಡು ಹಿರಿಯ ಉದಾಹರಣೆಗಳಿವೆ. ಒಂದು ಗಾಂಧೀಜಿಯವರದು. 1904ರಲ್ಲಿ ಜೋಹಾನ್ಸ್‌ಬರ್ಗದಿಂದ ಡರ್ಬನ್ನಿಗೆ ಹೋಗುವ ಗಾಡಿಯಲ್ಲಿ ರಸ್ಕಿನ್ನನ ಪುಸ್ತಕವೊಂದನ್ನು ಓದಿ, ಶರೀರಶ್ರಮದ ಬಾಳೇ ಬಾಳೆಂದು ಅವರು ನಿಶ್ಚಯಿಸಿದರು. ಆಮೇಲೆ ಅವರು ಮಾಡಿದ್ದೇನು? ಡರ್ಬನ್ನಿನ ಸಮೀಪದಲ್ಲಿ, ರೇಲ್ವೆ ಸ್ಟೇಶನ್ನಿಗೆ ಹತ್ತಿರವಾದ ಭೂಮಿ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು! ಡರ್ಬನ್ನಿಗೆ 14 ಮೈಲು ದೂರದಲ್ಲಿ, ಒಂದು ಚಿಕ್ಕ ಒರತೆಯೂ ಕೆಲವು ಕಿತ್ತಳೆ-ಮಾವಿನ ಗಿಡಗಳೂ ಇದ್ದ 20 ಎಕರೆ, ಅದಕ್ಕೆ ಹತ್ತಿದ 80 ಎಕರೆ, ಹೀಗೆ ಫೀನಿಕ್ಸ್ ನೆಲಸಿಗೆ ಹುಟ್ಟಿತು. ಪತ್ರಿಕೆಯನ್ನು ನಡೆಯಿಸಬೇಕಾಗಿದ್ದವರಿಗೆ ದಾರಿಯೂ ನೀರೂ ಎಷ್ಟು ಅವಶ್ಯವೆಂಬುದರ ಎಚ್ಚರ ಅವರಿಗಿತ್ತು. 1910ರಲ್ಲಿ ಜೋಹಾನ್ಸ್‌ಬರ್ಗದ ಹತ್ತಿರ ಟಾಲ್‌ಸ್ಟಾಯ್ ಫಾರ್ಮನ್ನು ಸ್ಥಾಪಿಸಿದಾಗ ಸ್ಟೇಶನ್ನು ಒಂದು ಮೈಲಿನಷ್ಟೇ ದೂರದಲ್ಲಿದ್ದರೂ, ಸ್ವಂತದ ವಿನೋದಕ್ಕಾಗಿ ಪಟ್ಟಣಕ್ಕೆ ಹೋಗುವವರು 21 ಮೈಲು ನಡೆದೇ ಹೋಗಬೇಕೆಂಬ ನಿಯಮ ಮಾಡಿದರು. ಸೌಕರ್ಯವು ಹತ್ತಿರವಿದ್ದು, ಅದನ್ನು ಎಷ್ಟು ಬಳಸಬೇಕೆಂಬ ನಿರ್ಧಾರವು ತಮ್ಮ ಕೈಯಲ್ಲಿರುವದು. ಇದು ನಾವು ಕಲಿಯತಕ್ಕ ಪಾಠ.

ಆದರೆ ಈ ಕಥೆಗೆ ಇನ್ನೊಂದು ಮಗ್ಗಲುಂಟು. ಫೀನಿಕ್ಸನ್ನು ಸ್ಥಾಪಿಸಿದ ಗಾಂಧೀಜಿಯವರಿಗೆ ಅಲ್ಲಿ ಬಹುಕಾಲ ನೆಲೆಸುವದು ಸಾಧ್ಯವಾಗಲಿಲ್ಲ. ಅದರ ವಿಷಾದವನ್ನು ಅವರೇ ಆತ್ಮಕಥೆಯಲ್ಲಿ ತೋಡಿಕೊಂಡಿದ್ದಾರೆ. ಕೆಲಸವು ಅವರನ್ನು ಜೋಹಾನ್ಸ್‌ಬರ್ಗದಲ್ಲಿ ಹಿಡಿದಿಟ್ಟಿತು. ಫೀನಿಕ್ಸಿನಲ್ಲಿ ಮಕ್ಕಳೊಡನೆ ಸಂಸಾರ ತೂಗಿಸಿದವರು ಕಸ್ತೂರಬಾ. ಧ್ಯೇಯವನ್ನು ಕಂಡವರು ಒಬ್ಬರು, ಅದನ್ನು ದಿನವೂ ಹೊತ್ತವರು ಇನ್ನೊಬ್ಬರು.

ಎರಡನೆಯದು ನಮ್ಮ ನಾಡಿನದೇ. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಮೈಸೂರಿನಲ್ಲಿ ಓದು ಮುಗಿಸಿದ ಮೇಲೆ ನೌಕರಿಯನ್ನು ಹುಡುಕದೆ ಮೂಡಿಗೆರೆಯ ಕಡೆಗೆ ಕಾಫಿಯ ತೋಟ ಮಾಡಲು ಹೋದರು. 1966ರಲ್ಲಿ ಅವರ ಕೈಹಿಡಿದ ರಾಜೇಶ್ವರಿಯವರೂ ಅವರಂತೆಯೇ ಮೈಸೂರಿನಲ್ಲಿ ಓದಿದವರು. ತೇಜಸ್ವಿಯವರು 2007ರಲ್ಲಿ ತೀರಿಕೊಂಡ ಮೇಲೆ ಆಕೆ ‘ನನ್ನ ತೇಜಸ್ವಿ’ ಎಂಬ ಪುಸ್ತಕವನ್ನು ಬರೆದರು. ಕಾಡು, ಹಕ್ಕಿ, ಮೀನುಗಳ ಕಥೆಯನ್ನು ಯಜಮಾನರಿಂದ ಕೇಳಿದ್ದ ಕನ್ನಡಿಗರಿಗೆ ಆ ತೋಟದ ಮನೆಯ ಒಳಗಿನ ಬಾಳು ಗೃಹಿಣಿಯ ಬಾಯಿಂದಲೂ ದೊರೆಯಿತು. ಪಟ್ಟಣ ಬಿಡಬೇಕೆನ್ನುವವರು ಗಂಡಸರ ಪುಸ್ತಕಗಳನ್ನಷ್ಟೇ ಅಲ್ಲ, ಇಂತಹ ಪುಸ್ತಕಗಳನ್ನೂ ಮನೆಯಲ್ಲಿ ಕೂಡಿ ಓದಬೇಕು.

ಈಗ ಅಳ್ನಾವರಕ್ಕೆ ಬರೋಣ. ಧಾರವಾಡದಿಂದ ಪಡುವಣಕ್ಕೆ ಹೊರಟರೆ ನೆಲದ ಬಣ್ಣವು ಕಪ್ಪಿನಿಂದ ಕೆಂಪಿಗೆ ತಿರುಗುವದು. ಮಾವಿನ ತೋಟಗಳು, ಭತ್ತದ ಹೊಲಗಳು, ಮುಂದೆ ಕುರುಚಲು ಕಾಡು, ಆಮೇಲೆ ತೇಗು. ರೇಲ್ವೆಯಿಂದ ಹೋದರೆ ಮುಗದ, ಕಂಬಾರಗಣವಿಗಳನ್ನು ದಾಟಿ ಅಳ್ನಾವರ. ಮುಗದದಲ್ಲಿ ಭತ್ತದ ಸಂಶೋಧನಾ ಕೇಂದ್ರವಿರುವದೇ ಈ ಸೀಮೆಯ ಮಳೆ-ಬೆಳೆಗಳ ಗುರುತು. ಅಳ್ನಾವರವು ಹುಬ್ಬಳ್ಳಿ-ಲೋಂಡಾ ಹಾದಿಯ ಜಂಕ್ಷನ್ನು; ದಾಂಡೇಲಿಯ ಕಡೆಗೆ ಒಂದು ಕವಲು ಇಲ್ಲಿಂದಲೇ ಒಡೆಯುವದು. ಕಟ್ಟಿಗೆಯ ವ್ಯಾಪಾರದಿಂದ ಬೆಳೆದ ಊರು. ಕನ್ನಡದೊಡನೆ ಮರಾಠಿ, ಉರ್ದು ಮಾತುಗಳೂ ಪೇಟೆಯಲ್ಲಿ ಕಿವಿಗೆ ಬೀಳುವವು. ಮೊದಲು ಧಾರವಾಡ ತಾಲೂಕಿನಲ್ಲಿದ್ದ ಈ ಊರು 2018ರಲ್ಲಿ ತಾನೇ ಒಂದು ತಾಲೂಕಿನ ಕೇಂದ್ರವಾಯಿತು.

ಹೀಗೆ ನೋಡಿದರೆ ಅಳ್ನಾವರವು ಫೀನಿಕ್ಸಿನ ಜಾಹೀರಾತಿಗೆ ಒಪ್ಪುವಂತಹ ಸ್ಥಳ: ರೇಲ್ವೆ ಹತ್ತಿರ, ಕಾಡು ಹತ್ತಿರ, ಧಾರವಾಡವು ಬಸ್ಸಿನ ದಾರಿಯಲ್ಲಿ. ಮಕ್ಕಳಿಗೆ ಗಿಡಮರಗಳ ಹೆಸರು ಪುಸ್ತಕದಿಂದಲ್ಲದೆ ಕಣ್ಣಿನಿಂದ ತಿಳಿಯಬೇಕೆನ್ನುವ ಮನೆಗೆ, ನಾಲ್ಕಾರು ಮಾತಿನ ಜನರೊಡನೆ ಬಾಳಲು ಕಲಿಯಬೇಕೆನ್ನುವ ಮನೆಗೆ ಇದು ಹಿತವಾದೀತು. ಆದರೆ ಗುಣಗಳನ್ನು ಎಣಿಸಿದಂತೆ ತೊಡಕುಗಳನ್ನೂ ಎಣಿಸಬೇಕು.

ನೀರಿನ ಮಾತು ಮೊದಲು. ಮಳೆಯು ಹೆಚ್ಚಿದ್ದಲ್ಲಿ ನೀರು ಹೇರಳವೆಂದು ಭಾವಿಸುವದು ತಪ್ಪು. 2019ರ ಆಗಸ್ಟಿನ ಅತಿವೃಷ್ಟಿಯಲ್ಲಿ ಅಳ್ನಾವರದ ಸಮೀಪದ ಹುಲಿಕೇರಿಯ ಇಂದಿರಮ್ಮನ ಕೆರೆ ತುಂಬಿ ಹರಿದು, ಅದರ ಕೋಡಿಗೆ ಧಕ್ಕೆ ತಗಲಿ ಸುತ್ತಲಿನವರು ಭಯದಲ್ಲಿ ದಿನ ಕಳೆದರು. ಅದೇ ಊರಿಗೆ ಕುಡಿಯುವ ನೀರು ಸಾಲದೆ, ಕಾಳೀ ನದಿಯ ನೀರನ್ನು ದಾಂಡೇಲಿಯ ಕಡೆಯಿಂದ ಕೊಳವೆಯಲ್ಲಿ ತರುವ ಯೋಜನೆಯೂ ಹುಟ್ಟಿತು. ಅದಕ್ಕೆ ದಾಂಡೇಲಿಯ ಜನರಿಂದ ವಿರೋಧವೂ ಬಂದಿತು. ಆಷಾಢದಲ್ಲಿ ಕೆರೆ ಒಡೆಯುವ ಭಯ, ಚೈತ್ರ-ವೈಶಾಖಗಳಲ್ಲಿ ಕೊಡ ಹಿಡಿದು ಕಾಯುವ ಸರದಿ. ಒಂದೇ ಊರಿಗೆ ಎರಡೂ ಉಂಟು. ಪ್ರಕೃತಿಯ ಮಡಿಲಿಗೆ ಹೊರಟವನು ತಾನು ಕುಡಿಯುವ ನೀರು ಯಾರ ಪಾಲಿನದೆಂದು ಕೇಳಿಕೊಳ್ಳದೆ ಇರಲಾಗದು. ಮನೆಯ ಮಾಡಿನ ನೀರನ್ನು ಹಿಡಿದಿಡುವ ತೊಟ್ಟಿಯನ್ನು ಪಡಸಾಲೆಗಿಂತ ಮೊದಲು ಕಟ್ಟಿಸಿರಿ ಎಂಬುದು ನಮ್ಮ ಸೂಚನೆ.

ಎರಡನೆಯದು ದಾರಿ. ಅಳ್ನಾವರದಿಂದ ದಾಂಡೇಲಿಯ ಕಡೆಗೆ ಬಹಳ ವರ್ಷ ನಿಂತಿದ್ದ ಪ್ರಯಾಣಿಕರ ಗಾಡಿಯು 2019ರ ನವೆಂಬರಿನಲ್ಲಿ ಮತ್ತೆ ಓಡತೊಡಗಿತು. 2020ರ ಕೋವಿಡ್ ಬೇನೆಯ ಕಾಲದಲ್ಲಿ ಅದು ನಿಂತುಹೋಯಿತು. ಒಂದೇ ಗಾಡಿಯನ್ನು ನಂಬಿ ಮಕ್ಕಳ ಕಾಲೇಜನ್ನಾಗಲಿ ಮುದುಕರ ಔಷಧೋಪಚಾರವನ್ನಾಗಲಿ ಗೊತ್ತುಮಾಡಬಾರದು. ನಡುರಾತ್ರಿಯಲ್ಲಿ ಅಜ್ಜನಿಗೆ ಎದೆನೋವು ಬಂದರೆ ಧಾರವಾಡದ ಇಲ್ಲವೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೇ ಓಡಬೇಕು. ಆ ದಾರಿಯನ್ನು ಹಗಲಿನಲ್ಲಲ್ಲ, ಮಳೆಯ ರಾತ್ರಿಯಲ್ಲಿ ಒಮ್ಮೆ ಹೋಗಿ ನೋಡಿರಿ. ಹೆತ್ತವರ ಸೇವೆಯೇ ಮನೆಯ ಮೊದಲನೆಯ ಮೌಲ್ಯವಾಗಿದ್ದರೆ, ಈ ಒಂದು ರಾತ್ರಿಯ ಪ್ರಯಾಣವೇ ನಿಮಗೆ ನಿರ್ಣಯವನ್ನು ಹೇಳಿಬಿಡುವದು.

ಮೂರನೆಯದು, ಮತ್ತು ಎಲ್ಲಕ್ಕೂ ದೊಡ್ಡದು, ಅಲ್ಲಿ ಮೊದಲೇ ಇರುವ ಜನರು. ಪಟ್ಟಣದವರು ಕಾಡಿನ ಅಂಚನ್ನು ಕಂಡು ‘ಬರಿದಾದ ಜಾಗ’ ಎನ್ನುವರು. ಅದು ಬರಿದಲ್ಲ. ಅಳ್ನಾವರ, ಕಲಘಟಗಿ, ಹಳಿಯಾಳಗಳ ಕಾಡಂಚಿನಲ್ಲಿ ಎಮ್ಮೆಗಳನ್ನು ಸಾಕಿ ಬಾಳುವ ಗೌಳಿಗರಿದ್ದಾರೆ. ಸಿದ್ದಿ ಜನರಿದ್ದಾರೆ, ಅವರಿಗೆ ಧಾರವಾಡ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಮನ್ನಣೆ ದೊರೆತದ್ದೇ 2020ರಲ್ಲಿ. ಒಮ್ಮೊಮ್ಮೆ ಆನೆಗಳೂ ಇಳಿದು ಬರುವವು. ಅವುಗಳಿಗೆ ತಂತಿಬೇಲಿಯ ಕಾಯಿದೆ ತಿಳಿಯದು. ನಮ್ಮ ನೆಮ್ಮದಿಯ ಬೇಲಿಯಿಂದ ಇನ್ನೊಬ್ಬರ ದನದ ದಾರಿ ಕಟ್ಟಿಹೋಗುವಂತಿದ್ದರೆ, ಆ ನೆಮ್ಮದಿಗೆ ಮೌಲ್ಯವೆಂಬ ಹೆಸರು ಸಲ್ಲದು.

ಇದರೊಡನೆ ಕಾಯಿದೆಯ ಮಾತೂ ಕೂಡಿಕೊಂಡಿದೆ. ಕರ್ನಾಟಕದ 1961ರ ಭೂಸುಧಾರಣಾ ಕಾಯಿದೆಯಲ್ಲಿ, ಒಕ್ಕಲಿಗರಲ್ಲದವರೂ ಬೇರೆ ಹುಟ್ಟುವಳಿ ಹೆಚ್ಚಾಗಿದ್ದವರೂ ಹೊಲ ಕೊಳ್ಳುವದಕ್ಕೆ ತಡೆಯಾಗಿದ್ದ 79-ಎ ಮತ್ತು 79-ಬಿ ಕಲಮುಗಳನ್ನು 2020ರ ತಿದ್ದುಪಡಿಯು ತೆಗೆದುಹಾಕಿತು. ರೈತಸಂಘದವರು ಅದನ್ನು ಬಲವಾಗಿ ವಿರೋಧಿಸಿದರು. ಈ ತಿದ್ದುಪಡಿಯಿಂದ ಪಟ್ಟಣದ ಹಣವು ಹೊಲದ ಬದುವಿನವರೆಗೆ ಬರುವದು ಸುಲಭವಾಯಿತು. ಕಾಯಿದೆಯು ಒಪ್ಪಿದ ಮಾತ್ರಕ್ಕೆ ಮನಸ್ಸೂ ಒಪ್ಪಬೇಕೆಂದಿಲ್ಲ. ಮಾರುವವನು ಏಕೆ ಮಾರುತ್ತಿದ್ದಾನೆಂದು ಕೇಳಿರಿ. ಸಾಲಕ್ಕೆ ಸೋತು ಮಾರುತ್ತಿದ್ದರೆ, ಅವನ ಮಕ್ಕಳು ನಿಮ್ಮ ತೋಟದಲ್ಲಿ ಕೂಲಿಗೆ ಬರುವ ದಿನವನ್ನು ನೀವು ಹೇಗೆ ಎದುರಿಸುವಿರಿ?

ಕಾಗದಪತ್ರಗಳ ಎಚ್ಚರವನ್ನೂ ಹೇಳಿಬಿಡುತ್ತೇವೆ. ಉತಾರವನ್ನು ಹಲವು ವರ್ಷ ಹಿಂದಕ್ಕೆ ತೆಗೆಯಿಸಿ ಓದಿರಿ. ಅಣ್ಣತಮ್ಮಂದಿರ, ಅಕ್ಕತಂಗಿಯರ ಪಾಲು ಉಳಿದಿದೆಯೋ ನೋಡಿರಿ. ಋಣಭಾರದ ಪತ್ರ ತೆಗೆಯಿಸಿರಿ. ಪರಿಶಿಷ್ಟ ಜಾತಿ-ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯಿದೆಯ ಮೇರೆಗೆ ಸರಕಾರದ ಅಪ್ಪಣೆಯಿಲ್ಲದೆ ಕೊಳ್ಳಲಾಗದು; ಕೊಂಡರೆ ಕೊಟ್ಟ ಹಣವೂ ಹೋಗುವದು, ಮರ್ಯಾದೆಯೂ ಹೋಗುವದು. ಹೊಲವನ್ನು ಪ್ಲಾಟುಗಳಾಗಿ ಸೀಳಿ ಮಾರುವವರಿದ್ದಲ್ಲಿ ಎನ್.ಎ. ಆಗಿದೆಯೋ ಇಲ್ಲವೋ ಎಂಬುದನ್ನು ಕಣ್ಣಾರೆ ನೋಡಿರಿ. ಕಾಡಿನ ಸಮೀಪವಾದರೆ ಅರಣ್ಯ ಇಲಾಖೆಯ ಗಡಿಯು ಎಲ್ಲಿ ಹಾಯ್ದಿದೆ ಎಂಬುದನ್ನು ಅಳತೆ ಮಾಡಿಸದೆ ಸಂಚಕಾರ ಕೊಡಬೇಡಿರಿ.

ಇಷ್ಟನ್ನೆಲ್ಲ ಓದಿ ವಾಚಕರು ‘ಹಾಗಾದರೆ ಹೋಗುವದೇ ಬೇಡವೆನ್ನುವಿರಾ?’ ಎಂದು ಕೇಳಬಹುದು. ನಮ್ಮ ಅಭಿಪ್ರಾಯ ಅದಲ್ಲ. ಹೋಗಿರಿ, ಆದರೆ ಕೊಳ್ಳುವ ಮೊದಲು ಬಾಡಿಗೆಯ ಮನೆಯಲ್ಲಿ ಇದ್ದು ನೋಡಿರಿ. ದೀಪಾವಳಿಯ ರಜೆಯಲ್ಲಿ ಎಲ್ಲ ಊರುಗಳೂ ಚೆಂದ. ನೀವು ಇರಬೇಕಾದದ್ದು ಮಳೆಗಾಲದ ನಡುವಿನ ಒಂದು ತಿಂಗಳು, ಬೇಸಗೆಯ ಕೊನೆಯ ಒಂದು ತಿಂಗಳು. ಆ ಎರಡು ತಿಂಗಳಲ್ಲಿ ಒಂದು ಸಣ್ಣ ವಹಿ ಇಡಿರಿ: ನೀರು ತಂದವರಾರು, ಪೇಟೆಗೆ ಹೋದವರಾರು, ಕರೆಂಟು ಹೋದ ರಾತ್ರಿ ಎಚ್ಚರವಿದ್ದವರಾರು, ಮಗುವನ್ನು ಸಾಲೆಗೆ ಮುಟ್ಟಿಸಿದವರಾರು, ನೆರೆಯವರೊಡನೆ ಮಾತು ಬೆಳೆಸಿದವರಾರು. ತಿಂಗಳ ಕೊನೆಗೆ ಎಲ್ಲರೂ ಕೂತು ಅದನ್ನು ಓದಿರಿ. ಒಂದೇ ಹೆಸರು ಪುಟ ಪುಟಕ್ಕೂ ಬಂದಿದ್ದರೆ, ನೀವು ‘ಸರಳ ಜೀವನ’ವೆಂದು ಕರೆದದ್ದು ಒಬ್ಬರ ಬೆನ್ನಿನ ಮೇಲಿನ ಹೊರೆಯೆಂದು ತಿಳಿಯಿರಿ. ಹೆಸರುಗಳು ಹಂಚಿಕೊಂಡು ಬಂದಿದ್ದರೆ, ಆ ಊರು ನಿಮ್ಮದಾಗುವ ಲಕ್ಷಣ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸುಲಭ; ಅದಕ್ಕೆ ಪ್ರಯಾಣದ ಖರ್ಚೂ ಇಲ್ಲ. ಊರು ಬದಲಿಸಿದ ಮೇಲೆ ಮಾಡುವೆವು ಎಂದುಕೊಂಡದ್ದನ್ನು ಈಗಿರುವ ಮನೆಯಲ್ಲಿಯೇ ಆರು ತಿಂಗಳು ಮಾಡಿ ನೋಡಿರಿ. ಕುಂಡದಲ್ಲಿ ನಾಲ್ಕು ಬದನೆಯ ಸಸಿ ನೆಟ್ಟು ಕಾಯ್ದುಕೊಳ್ಳಲಾರದವನಿಗೆ ನಾಲ್ಕು ಎಕರೆ ಏಕೆ? ಪಕ್ಕದ ಮನೆಯವರ ಹೆಸರು ತಿಳಿಯದವನು ಹಳ್ಳಿಯ ಸೌಹಾರ್ದವನ್ನು ಎಲ್ಲಿಂದ ತಂದಾನು? ಸ್ಥಳವು ನಮ್ಮಲ್ಲಿದ್ದ ಮೌಲ್ಯವನ್ನು ಬೆಳೆಯಿಸುವದು, ಇಲ್ಲದ್ದನ್ನು ಹುಟ್ಟಿಸಲಾರದು.

ಇವೆಲ್ಲವೂ ಮುಗಿದು, ಅಳ್ನಾವರದಲ್ಲಿಯೋ ಅದರಂತಹ ಬೇರೊಂದು ಊರಿನಲ್ಲಿಯೋ ಮನೆ ಮಾಡುವದು ನಿಶ್ಚಯವಾದರೆ, ಗೃಹಪ್ರವೇಶದ ಊಟಕ್ಕೆ ಪಟ್ಟಣದ ನಂಟರಿಗಿಂತ ಮೊದಲು ಬದುವಿನ ಆಚೆಯವರನ್ನು ಕರೆಯಿರಿ. ಅದಕ್ಕೂ ಮುಂಚೆ, ಇಂದಿನ ರಾತ್ರಿಯೇ ಮಾಡಬಹುದಾದ ಕೆಲಸವೊಂದಿದೆ. ಬಡಿಸುವ ಕೈಯಿಂದ ಸೌಟನ್ನು ಇಸಿದುಕೊಂಡು, ಆಕೆಯನ್ನು ಎದುರಿಗೆ ಕೂಡಿಸಿ, ನೀರಿನ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲು ಹೇಳಿರಿ. ಆಮೇಲೆ ಬರುವ ಆಕೆಯ ಉಳಿದ ಪ್ರಶ್ನೆಗಳನ್ನೂ ಪೂರಾ ಕೇಳಿಸಿಕೊಳ್ಳಿರಿ. ಊರು ಆರಿಸುವ ಕೆಲಸವು ಅಲ್ಲಿಂದ ಮೊದಲಾಗುವದು.